ಹರಿದುಹೋದ ಹಾಳೆ

ಓದುತ್ತಿರುವ ಪುಸ್ತಕದಲ್ಲಿ ಒಂದು ಹಾಳೆ ಇಲ್ಲವಾದರೆ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಗಣಿತದ ಪುಸ್ತಕದಲ್ಲಿ ಹಾಳೆ ಹೋಗಿದ್ದರೆ ನಾವು ಒಳಗೊಳಗೇ ಸಂತೋಷಪಟ್ಟೇವು. ಆದರೆ ಕತೆಯ ಪುಸ್ತಕದಲ್ಲಿ, ಅದರಲ್ಲಿಯೂ ಕತೆಯ ಕಟ್ಟಕಡೆಯ ಹಾಳೆ ಹೋಗಿದ್ದರೆ, ಊಟಕ್ಕೆ ಕುಳಿತವನನ್ನು ಯಾರೋ ಎಲೆಯ ಮುಂದಿನಿಂದ ಕೈಹಿಡಿದು ಎಬ್ಬಿಸಿದಂತಾಗುತ್ತದೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನನಗೆ ಹೀಗಾಯಿತು. ಆ ಒಂದು ಹಾಳೆಯ ದೆಸೆಯಿಂದ ನಾನು ಒಬ್ಬ ಗೆಳೆಯನನ್ನು ಕಳೆದುಕೊಂಡೆ.

ಅದು 1974ನೆಯ ಇಸವಿ. ಆಗ ನಾವು ಬೀದರಿನಲ್ಲಿದ್ದೆವು. ನಮ್ಮ ಶಾಲೆಯ ಗ್ರಂಥಾಲಯವೆಂದರೆ ಅಧ್ಯಾಪಕರ ಕೊಠಡಿಯ ಮೂಲೆಯಲ್ಲಿದ್ದ ಒಂದು ಮರದ ಬೀರು. ಅದರ ಬೀಗದ ಕೈ ನಮ್ಮ ಕನ್ನಡದ ಗುರುಗಳ ಜೇಬಿನಲ್ಲಿರುತ್ತಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಬೀರು ತೆರೆದು ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಕೊಡುವರು. ಮುಂದಿನ ಶನಿವಾರ ಅದನ್ನು ಹಿಂದಿರುಗಿಸಿ ಇನ್ನೊಂದನ್ನು ಪಡೆಯಬೇಕು. ಆ ವಯಸ್ಸಿನಲ್ಲಿ ನನಗೆ ಎರಡು ಬಗೆಯ ಪುಸ್ತಕಗಳ ಹುಚ್ಚು. ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳು ಒಂದು, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಇನ್ನೊಂದು. ಎರಡನೆಯವು ಗುರುಗಳ ಬೀರುವಿನಲ್ಲಿ ಸಿಕ್ಕುತ್ತಿರಲಿಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಅವು ಪಾಠದ ಪುಸ್ತಕದ ಒಳಗೆ ಅಡಗಿ ಮನೆಗೆ ಬರುತ್ತಿದ್ದವು. ಕೋಟೆ ಕೊತ್ತಲಗಳ ಗಾಂಭೀರ್ಯವೂ ಬೇಕು, ಗುಟ್ಟನ್ನು ಬಯಲಿಗೆಳೆಯುವ ಚಪಲವೂ ತೀರಬೇಕು. ಇವೆರಡೂ ಒಂದೇ ಕಡೆ, ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದಾದ ಕತೆಯಲ್ಲಿ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ.

ಅಂತಹ ಕತೆ ಮೊದಲು ಸಿಕ್ಕಿದ್ದು ನನ್ನ ಗೆಳೆಯನಿಗೆ. ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಮಸಿಕುಡಿಕೆಯಲ್ಲಿ ಲೇಖನಿ ಅದ್ದಿ ಬರೆಯುತ್ತಿದ್ದವರು ನಾವು. ಒಂದು ಶನಿವಾರ ಅವನ ಪಾಲಿಗೆ ರವೀಂದ್ರನಾಥ ಠಾಕೂರರ ಕತೆಗಳ ಕನ್ನಡ ಅನುವಾದ ಬಂದಿತು. ರಟ್ಟು ಬಿಟ್ಟುಹೋದ ಹಳೆಯ ಪುಸ್ತಕ. ಅದರಲ್ಲಿ ‘ಕ್ಷುಧಿತ ಪಾಷಾಣ’ ಎಂಬ ಕತೆ, ಎಂದರೆ ಹಸಿದ ಕಲ್ಲು, ಇದ್ದಿತು. ರವೀಂದ್ರರು ಅದನ್ನು ಬರೆದದ್ದು 1895ರಲ್ಲಿ. ಮರುದಿನ ಭಾನುವಾರ ಗೆಳೆಯನು ನಮ್ಮ ಮನೆಯ ಬಾಗಿಲಿಗೆ ಬಂದು, “ನಡಿ, ಕಿಲ್ಲಾಕ್ಕ ಹೋಗೋಣು. ನಿನಗೊಂದು ಕತಿ ಹೇಳಬೇಕು. ಮನ್ಯಾಗ ಹೇಳೋ ಕತಿ ಅಲ್ಲ ಅದು” ಎಂದನು.

ಬೀದರಿನ ಕೋಟೆಯನ್ನು ನೋಡಿದವರಿಗೆ ಅವನ ಮಾತಿನ ಅರ್ಥವಾದೀತು. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದರು. ಅವರ ತರುವಾಯ ಆಳಿದವರು ಬರೀದಶಾಹಿ ದೊರೆಗಳು. ಒಳಕೋಟೆಯಲ್ಲಿ ರಂಗೀನ್ ಮಹಲ್ ಎಂಬ ಚಿಕ್ಕ ಅರಮನೆಯಿದೆ. ಅದರ ಮರದ ಕಂಬಗಳ ಕೆತ್ತನೆ ಒಂದು ತೂಕವಾದರೆ, ಒಳಕೋಣೆಯ ಬಾಗಿಲುವಾಡದ ಕರಿಯ ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಮಾಡಿರುವ ಚಿತ್ತಾರ ಇನ್ನೊಂದು ತೂಕ. 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ಅದನ್ನು ಹಾಗೆ ಅಲಂಕರಿಸಿದನು. ಹೊತ್ತು ಇಳಿದು ಕೋಣೆ ಕತ್ತಲಾಗುತ್ತ ಬಂದಂತೆ ಕರಿಯ ಕಲ್ಲು ಮೊದಲು ಮರೆಯಾಗುತ್ತದೆ. ಚಿಪ್ಪಿನ ತುಣುಕುಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಮಿನುಗುತ್ತಿರುತ್ತವೆ. ಕಾವಲುಗಾರನು ಬೀಗದ ಕೈ ಗೊಂಚಲನ್ನು ಅಲ್ಲಾಡಿಸಿ ನಮ್ಮನ್ನು ಹೊರಡಿಸುವವರೆಗೂ ನಾವು ಅಲ್ಲಿದ್ದೆವು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕುಳಿತು ಗೆಳೆಯನು ಕತೆ ಹೇಳಿದನು.

ಪೂಜೆಯ ರಜೆಯಲ್ಲಿ ಪ್ರವಾಸ ಮುಗಿಸಿ ಕಲ್ಕತ್ತೆಗೆ ಮರಳುತ್ತಿದ್ದ ಇಬ್ಬರು ಬಂಧುಗಳಿಗೆ ರೈಲಿನಲ್ಲಿ ಒಬ್ಬ ಅಪರಿಚಿತನು ಜೊತೆಯಾಗುತ್ತಾನೆ. ಅವನಿಗೆ ತಿಳಿಯದ ವಿಷಯವೇ ಇಲ್ಲ. ಮುಂದಿನ ರೈಲು ತಡವಾಗಿ, ರಾತ್ರಿ ನಿಲ್ದಾಣದಲ್ಲಿಯೇ ಕಾಯಬೇಕಾಗುತ್ತದೆ. ಆಗ ಆ ಮನುಷ್ಯನು ತನ್ನ ಕತೆಯನ್ನು ಪ್ರಾರಂಭಿಸುತ್ತಾನೆ. ಅವನು ಹೈದರಾಬಾದಿನ ನಿಜಾಮನ ಸೇವೆಗೆ ಸೇರಿ, ಬರೀಚ್ ಎಂಬ ಊರಿನಲ್ಲಿ ಹತ್ತಿಯ ಸುಂಕ ವಸೂಲು ಮಾಡುವ ಅಧಿಕಾರಿಯಾಗಿದ್ದನಂತೆ. ಇಲ್ಲಿಗೆ ಬಂದಾಗ ನಾನು ನೆಟ್ಟಗೆ ಕುಳಿತೆ. ನಮ್ಮ ಬೀದರು 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಊರಲ್ಲವೆ? ನನ್ನ ಅಜ್ಜನವರೂ ನಿಜಾಮನ ಕಾಲದಲ್ಲಿ ಕಂದಾಯದ ಗುಮಾಸ್ತರಾಗಿದ್ದವರೇ. “ಬರೀಚ್ ಎಲ್ಲದ? ಮಾಂಜ್ರಾ ಹೊಳಿ ಕಡೆಯೇನು?” ಎಂದು ಕೇಳಿದೆ. ಗೆಳೆಯನು ನಕ್ಕು ಮುಂದುವರಿಸಿದನು.

ಬರೀಚಿನಲ್ಲಿ ಸುಸ್ತಾ ಎಂಬ ನದಿ. ನದಿಯಿಂದ ನೂರೈವತ್ತು ಮೆಟ್ಟಿಲು ಹತ್ತಿದರೆ ಬೆಟ್ಟದ ಬುಡದಲ್ಲಿ ಒಂದು ಒಂಟಿ ಅಮೃತಶಿಲೆಯ ಅರಮನೆ. ಇನ್ನೂರೈವತ್ತು ವರ್ಷಗಳ ಹಿಂದೆ ಎರಡನೆಯ ಮಹಮೂದ್ ಷಾ ತನ್ನ ವಿಲಾಸಕ್ಕಾಗಿ ಅದನ್ನು ಕಟ್ಟಿಸಿದ್ದನಂತೆ. ಹಗಲು ಬೇಕಾದರೆ ಇರಿ, ರಾತ್ರಿ ಮಾತ್ರ ತಂಗಬೇಡಿ ಎಂದು ಕಚೇರಿಯ ಮುದಿ ಗುಮಾಸ್ತ ಕರೀಂ ಖಾನ್ ಎಚ್ಚರಿಸುತ್ತಾನೆ. ಸುಂಕದ ಅಧಿಕಾರಿ ಕೇಳುವುದಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಅರಮನೆ ಅವನನ್ನು ಹಿಡಿಯುತ್ತದೆ. ಸಂಜೆ ಮೆಟ್ಟಿಲ ಮೇಲೆ ಕುಳಿತಿದ್ದಾಗ ಹೆಂಗಸರು ಗುಂಪಾಗಿ ಸ್ನಾನಕ್ಕೆ ಓಡಿ ಇಳಿದ ಸಪ್ಪಳ ಕೇಳುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ರಾತ್ರಿ ಒಬ್ಬ ಹೆಣ್ಣು ಕೈಸನ್ನೆ ಮಾಡಿ ಕರೆಯುತ್ತಾಳೆ. ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುವ ಕಾವಲುಗಾರನವರೆಗೆ ಅವನು ಅವಳ ಹಿಂದೆ ಹೋಗುತ್ತಾನೆ. ಎಚ್ಚರವಾದರೆ ಅದೇ ಹಾಸಿಗೆ, ಅದೇ ಬೆಳಗು. ಹೊರಗೆ ಮೆಹರ್ ಅಲಿ ಎಂಬ ಹುಚ್ಚನು, ಎಲ್ಲವೂ ಸುಳ್ಳು, ದೂರ ಹೋಗಿ ಎಂಬ ಅರ್ಥದ ಮಾತನ್ನು ಕೂಗುತ್ತ ಅರಮನೆಯನ್ನು ಸುತ್ತುತ್ತಿರುತ್ತಾನೆ.

ಗೆಳೆಯನು ಇಷ್ಟು ಹೇಳಿ ನಿಲ್ಲಿಸಿದನು. “ಮುಂದ?” ಎಂದೆ. “ಮುಂದ ನೀನೇ ಓದು. ಕಡೀದು ಹೇಳಿದ್ರ ಮಜಾ ಹೋಗ್ತದ” ಎಂದನು. ನಾನು ಎಷ್ಟು ಕಾಡಿದರೂ ಬಾಯಿ ಬಿಡಲಿಲ್ಲ. ಮನೆಗೆ ಹಿಂದಿರುಗುವ ದಾರಿಯಲ್ಲಿ ಮಹಮೂದ್ ಗವಾನನ ಮದರಸಾದ ಮಿನಾರು ಕತ್ತಲಲ್ಲಿ ನಿಂತಿದ್ದಿತು. ನಾವಿಬ್ಬರೂ ಅದರ ಕಡೆ ನೋಡದೆ ಬೇಗ ಬೇಗ ಹೆಜ್ಜೆ ಹಾಕಿದೆವು.

ಮುಂದಿನ ಶನಿವಾರ ಅವನು ಪುಸ್ತಕವನ್ನು ಹಿಂದಿರುಗಿಸಿದನು. ಅಂದು ಗುರುಗಳು ಅವಸರದಲ್ಲಿದ್ದುದರಿಂದ ಪುಸ್ತಕಗಳನ್ನು ಮೇಜಿನ ಮೇಲೆಯೇ ಇರಿಸಿ ಹೊರಟುಹೋದರು; ನನಗೆ ಅದು ದೊರೆತದ್ದು ಸೋಮವಾರ. ಆ ರಾತ್ರಿ ಬುಡ್ಡಿದೀಪದ ಬೆಳಕಿನಲ್ಲಿ ಓದುತ್ತ ಹೋದೆ. ಗೆಳೆಯನು ಹೇಳಿದ್ದಕ್ಕಿಂತ ಕತೆ ಎಷ್ಟೋ ಪಾಲು ಮಿಗಿಲಾಗಿದ್ದಿತು. ಹಗಲು ಬಿಗಿಯಾದ ಕೋಟು ತೊಟ್ಟು ಸುಂಕದ ಲೆಕ್ಕ ಬರೆಯುವ ಮನುಷ್ಯನು ರಾತ್ರಿಯಾಗುತ್ತಲೂ ನೂರಾರು ವರ್ಷಗಳ ಹಿಂದಿನ ಯಾರೋ ಆಗಿಬಿಡುತ್ತಾನೆ. ಹಗಲಿನವನಿಗೆ ರಾತ್ರಿಯದು ಹುಚ್ಚೆಂದು ತೋರುತ್ತದೆ. ರಾತ್ರಿಯವನಿಗೆ ಹಗಲಿನ ಲೆಕ್ಕಪತ್ರವೆಲ್ಲ ನಗೆಪಾಟಲೆಂದು ತೋರುತ್ತದೆ. ಒಂದು ಬಿರುಗಾಳಿಯ ಇರುಳು ಅವನ ಮಂಚದ ಕೆಳಗೆ, ಕಲ್ಲಿನ ಅಡಿಯಿಂದ ಬಂದಂತೆ, ಹೆಣ್ಣೊಬ್ಬಳ ಅಳು ಕೇಳಿಸುತ್ತದೆ. ಕಡೆಗೆ ಅವನು ಕರೀಂ ಖಾನನ ಬಳಿಗೆ ಓಡಿಹೋಗುತ್ತಾನೆ. ಹಿಂದೆ ಆ ಅರಮನೆಯಲ್ಲಿ ಉರಿದು ಈಡೇರದೆ ಹೋದ ಆಸೆಗಳ ಬಿಸಿಯಿಂದ ಅಲ್ಲಿನ ಕಲ್ಲುಕಲ್ಲೂ ಹಸಿದಿದೆ. ಮೂರು ರಾತ್ರಿ ಅಲ್ಲಿ ಕಳೆದವರಲ್ಲಿ ಮೆಹರ್ ಅಲಿಯೊಬ್ಬನೇ ಉಳಿದವನು, ಅವನಿಗೂ ಬುದ್ಧಿ ಕೆಟ್ಟಿತು ಎಂದು ಮುದುಕನು ಹೇಳುತ್ತಾನೆ. ಪಾರಾಗುವ ದಾರಿ ಒಂದಿದೆ. ಅದು ತಿಳಿಯಬೇಕಾದರೆ ಅಲ್ಲಿದ್ದ ಪಾರಸಿಕ ದೇಶದ ಒಬ್ಬ ದಾಸಿಯ ಕತೆಯನ್ನು ಮೊದಲು ಕೇಳಬೇಕು ಎನ್ನುತ್ತಾನೆ.

ಅಲ್ಲಿಗೆ ಪುಟ ಮುಗಿಯಿತು. ತಿರುವಿದೆ. ಮುಂದಿನ ಪುಟದಲ್ಲಿ ಬೇರೆ ಯಾವುದೋ ಕತೆಯ ಮಧ್ಯಭಾಗವಿದ್ದಿತು. ನಡುವೆ ಒಂದು ಹಾಳೆಯನ್ನು ಯಾರೋ ಹೊಲಿಗೆಯ ಅಂಚಿನವರೆಗೆ ಹರಿದುಕೊಂಡಿದ್ದರು.

ಪತ್ತೇದಾರಿ ಕಾದಂಬರಿಗಳನ್ನು ಓದಿದ್ದ ನನ್ನ ಬುದ್ಧಿ ಆ ರಾತ್ರಿಯೇ ಅಪರಾಧಿಯನ್ನು ಹಿಡಿಯಿತು. ಪುಸ್ತಕ ನನಗಿಂತ ಮೊದಲು ಇದ್ದದ್ದು ಯಾರ ಕೈಯಲ್ಲಿ? ಕತೆಯ ಕೊನೆಯನ್ನು ಹೇಳಲೊಲ್ಲದೆ ಮುಚ್ಚಿಟ್ಟವರು ಯಾರು? ಮರುದಿನ ಶಾಲೆಯ ಅಂಗಳದಲ್ಲಿ ನಾಲ್ಕು ಜನರ ಎದುರಿಗೆ ಅವನನ್ನು ಹಿಡಿದು ಕೇಳಿದೆ. ಅವನು ಬೆಪ್ಪಾದನು. “ನಾ ಹರಿದಿಲ್ಲೋ. ನಾ ಕೊಟ್ಟಾಗ ಹಾಳಿ ಇತ್ತು” ಎಂದನು. “ಹಾಗಾದರ ದಾಸಿ ಕತಿ ಹೇಳು” ಎಂದೆ. “ಅದರಾಗ ದಾಸಿ ಕತೀನೇ ಇಲ್ಲ. ಅಷ್ಟರಾಗ ರೈಲು ಬರ್ತದ. ಒಬ್ಬ ಇಂಗ್ರೇಜಿ ಸಾಹೇಬ ಅವನ ಗುರ್ತು ಹಿಡಿದು ತನ್ನ ಡಬ್ಬಿಗೆ ಕರೀತಾನ, ಅವ ಹೋಗಿಬಿಡ್ತಾನ. ಅಷ್ಟೇ” ಎಂದನು. ಸುತ್ತಲಿದ್ದವರು ನಕ್ಕರು. ಹಾಗೆ ಯಾವ ಕತೆಯಾದರೂ ಮುಗಿಯುವುದುಂಟೆ? ಅವನು ಇನ್ನೂ ಒಂದು ಸಾಕ್ಷ್ಯವನ್ನು ಮುಂದಿಟ್ಟನು: “ಆ ಹಾಳೀದು ಹಿಂದಿನ ಮಗ್ಗಲಿಗೆ ಮುಂದಿನ ಕತಿ ಹೆಸರಿತ್ತು. ಉಳಿದಿದ್ದು ಒಂದೇ ಪುಟ. ಒಂದು ಪುಟದಾಗ ದಾಸಿ ಕತಿ ಎಲ್ಲ ಹೆಂಗ ಹಿಡೀತದ, ನೀನೇ ಹೇಳು?”

ಒಳ್ಳೆಯ ಪತ್ತೇದಾರನಾಗಿದ್ದರೆ ಅಲ್ಲಿಯೇ ನಿಂತು ಯೋಚಿಸುತ್ತಿದ್ದೆ. ಪುಟಸಂಖ್ಯೆಗಳು ಪುಸ್ತಕದಲ್ಲಿಯೇ ಇದ್ದವು. ಹೋದದ್ದು ಒಂದೇ ಹಾಳೆ. ಮುಂದಿನ ಕತೆಯ ಪ್ರಾರಂಭವೂ ಅದರೊಡನೆಯೇ ಹೋಗಿದ್ದಿತು. ಎಣಿಸಿ ನೋಡಲು ಅರೆ ನಿಮಿಷ ಸಾಕಾಗಿದ್ದಿತು. ನಾನು ಎಣಿಸಲಿಲ್ಲ. “ಸುಳ್ಳನ್ನು ಚೆಂದಾಗಿ ಹೊಲಿದು ತಂದೀ” ಎಂದೆ. ಅವನು, “ಇನ್ನೊಂದು ಮಾತದ ಆ ಪುಟದಾಗ…” ಎಂದು ಏನನ್ನೋ ಹೇಳಲು ಹೊರಟನು. ನಾನು ಬೆನ್ನು ತಿರುಗಿಸಿ ನಡೆದೆ. ಅಂದಿನಿಂದ ನಾವು ಬೇರೆ ಬೇರೆ ಬೆಂಚುಗಳಲ್ಲಿ ಕುಳಿತೆವು. ಸರಕಾರಿ ನೌಕರಿಯಲ್ಲಿದ್ದ ಅವನ ತಂದೆಗೆ ವರ್ಷದ ಕೊನೆಯಲ್ಲಿ ವರ್ಗವಾಗಿ, ಅವನು ಊರು ಬಿಟ್ಟನು.

ಅದೇ ವರ್ಷ ಚರಿತ್ರೆಯ ತರಗತಿಯಲ್ಲಿ ಗವಾನನ ಪಾಠವಾಯಿತು. 1472ರಲ್ಲಿ ಅಷ್ಟು ದೊಡ್ಡ ಮದರಸಾವನ್ನು ಕಟ್ಟಿಸಿದ ಆ ಮಂತ್ರಿಯನ್ನು 1481ರಲ್ಲಿ ಸುಲ್ತಾನ ಮೂರನೆಯ ಮಹಮ್ಮದನು ಕೊಲ್ಲಿಸಿದನು. ವಿರೋಧಿಗಳು ಅವನ ಮುದ್ರೆಯುಳ್ಳ ಒಂದು ಹುಸಿಪತ್ರವನ್ನು ಸುಲ್ತಾನನಿಗೆ ತೋರಿಸಿದ್ದರು. ಮುದ್ರೆ ನನ್ನದೇ, ಬರಹ ನನ್ನದಲ್ಲ ಎಂದು ಗವಾನನು ಹೇಳಿದರೂ ಸುಲ್ತಾನನು ವಿಚಾರಿಸುವ ತೊಂದರೆ ತೆಗೆದುಕೊಳ್ಳಲಿಲ್ಲ. ಗುರುಗಳು ಇದನ್ನು ಹೇಳುತ್ತಿದ್ದಾಗ ನಾನು ಸುಲ್ತಾನನ ಮೇಲೆ ಬಹಳ ಕೋಪಗೊಂಡೆನೆಂದು ನೆನಪಿದೆ. ಗೆಳೆಯನು ಎರಡು ಬೆಂಚು ಮುಂದೆ ಕುಳಿತಿದ್ದನು.

ಎಂಟು ವರ್ಷಗಳು ಕಳೆದವು. 1982ರಲ್ಲಿ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಗ್ರಂಥಾಲಯದಲ್ಲಿ ಯಾವುದನ್ನೋ ಹುಡುಕುತ್ತಿರುವಾಗ ಅದೇ ಅನುವಾದದ ಇನ್ನೊಂದು ಪ್ರತಿ, ರಟ್ಟು ಸಮೇತ, ಕಣ್ಣಿಗೆ ಬಿದ್ದಿತು. ಕೈ ತಾನಾಗಿ ಆ ಪುಟವನ್ನು ಹುಡುಕಿತು. ಕರೀಂ ಖಾನನು ದಾಸಿಯ ಮಾತೆತ್ತುತ್ತಾನೆ. ಕೂಲಿಗಳು ರೈಲು ಬಂದಿತೆಂದು ಹೇಳುತ್ತಾರೆ. ಮೊದಲನೆಯ ದರ್ಜೆಯ ಡಬ್ಬಿಯಿಂದ ಇಣುಕಿದ ಆಂಗ್ಲನೊಬ್ಬನು ಆ ಮನುಷ್ಯನನ್ನು ಗುರುತಿಸಿ ಕರೆದುಕೊಳ್ಳುತ್ತಾನೆ. ಕತೆ ಅಲ್ಲಿಯೇ ಉಳಿಯುತ್ತದೆ. ಗೆಳೆಯನು ಹೇಳಿದಂತೆಯೇ ಇದ್ದಿತು. ಅವನು ಹೇಳಲು ಹೊರಟು ನಾನು ಕೇಳದೆ ಹೋದ ಮಾತೂ ಇದ್ದಿತು. ಆ ಮನುಷ್ಯನು ನಮ್ಮನ್ನು ಮಂಕುಗಳೆಂದು ಎಣಿಸಿ ಸುಳ್ಳು ಕಟ್ಟಿದನು ಎಂದು ಇಬ್ಬರು ಬಂಧುಗಳಲ್ಲಿ ಒಬ್ಬನು ಹೇಳುತ್ತಾನೆ. ಇನ್ನೊಬ್ಬನು, ಥಿಯಾಸಫಿಯಲ್ಲಿ ನಂಬಿಕೆಯುಳ್ಳವನು, ಒಪ್ಪುವುದಿಲ್ಲ. ಆ ವಾದದಿಂದ ಅವರಿಬ್ಬರ ನಡುವೆ ಜನ್ಮಕ್ಕೆ ಸಾಕಾಗುವ ಬಿರುಕು ಬೀಳುತ್ತದೆ. ಕತೆಯ ಕೊನೆಯ ಸಂಗತಿ ಅದೇ.

ನಾನು ಆ ಪುಟವನ್ನು ಎಷ್ಟು ಸಲ ಓದಿದೆನೋ ತಿಳಿಯದು. ಗ್ರಂಥಾಲಯ ಮುಚ್ಚುವ ಗಂಟೆಯಾಯಿತು.

ಆಮೇಲೆ ಈ ಕತೆಯ ಹಿನ್ನೆಲೆಯನ್ನೂ ಹುಡುಕಿಕೊಂಡು ಓದಿದೆ. ಬರೀಚ್ ಯಾವ ನಕ್ಷೆಯಲ್ಲಿಯೂ ನನಗೆ ಸಿಕ್ಕಲಿಲ್ಲ. ಆದರೆ ಅರಮನೆ ಸಿಕ್ಕಿತು. 1878ರಲ್ಲಿ ಹದಿನೇಳು ವರ್ಷದ ರವೀಂದ್ರರು ಅಹಮದಾಬಾದಿನಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲವು ಕಾಲ ಇದ್ದರು. ಶಾಹಿಬಾಗಿನ ಆ ಮನೆ ಹಳೆಯ ಮೊಗಲ್ ಅರಮನೆ. 1628ರಲ್ಲಿ ಪಟ್ಟವೇರಿದ ಷಹಜಹಾನನು ಅದಕ್ಕೆ ಮೊದಲು ಗುಜರಾತಿನ ಸುಬೇದಾರನಾಗಿದ್ದಾಗ ಕಟ್ಟಿಸಿದ್ದು. ಕೆಳಗೆ ಮರಳಿನ ನಡುವೆ ಸಾಬರಮತಿ ಹರಿಯುತ್ತಿದ್ದಿತು. ಅಣ್ಣ ನ್ಯಾಯಾಲಯಕ್ಕೆ ಹೋದ ಮೇಲೆ ಹುಡುಗನು ಆ ದೊಡ್ಡ ಕೋಣೆಗಳಲ್ಲಿ ಒಬ್ಬನೇ ಅಲೆಯುತ್ತಿದ್ದನು. ಈ ಕತೆಯ ಬೀಜ ಬಿದ್ದದ್ದು ಅಲ್ಲಿಯೇ ಎಂದು ರವೀಂದ್ರರು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಬೀಜ ಮೊಳೆಯಲು ಹದಿನೇಳು ವರ್ಷಗಳು ಬೇಕಾದವು. ಆ ಕಟ್ಟಡ ಈಗ ಸರ್ದಾರ್ ವಲ್ಲಭಭಾಯಿ ಪಟೇಲರ ಸ್ಮಾರಕವಾಗಿದೆ. ಕತೆಗಾರನು ಊರನ್ನು ಬದಲಿಸಿದನು, ನದಿಯನ್ನು ಬದಲಿಸಿದನು, ದೊರೆಯನ್ನೂ ಬದಲಿಸಿದನು. ಹತ್ತಿಯ ಸುಂಕ, ಗುಮಾಸ್ತ, ರೈಲು ತಡವಾಗುವುದು, ಇವುಗಳನ್ನು ಮಾತ್ರ ನಮಗೆಲ್ಲ ಗೊತ್ತಿರುವಂತೆಯೇ ಇರಿಸಿದನು. ಕಾಲಡಿಯ ನೆಲ ಗಟ್ಟಿಯಾಗಿರುವುದರಿಂದಲೇ ಕಾಣದವರ ಹೆಜ್ಜೆಯ ಸಪ್ಪಳವನ್ನು ನಾವು ನಂಬುತ್ತೇವೆಂದು ನನಗೆ ತೋರುತ್ತದೆ. ಮೊದಲಿನಿಂದ ಕೊನೆಯವರೆಗೆ ಬರಿಯ ದೆವ್ವಗಳೇ ತುಂಬಿರುವ ಕತೆಗಳನ್ನು ಓದಿ ನನಗೆ ಎಂದೂ ಭಯವಾಗಿಲ್ಲ, ನಿದ್ರೆ ಬಂದಿದೆ.

ಮುಂದೆ ನಾನೇ ಅಧ್ಯಾಪಕನಾಗಿ ಹಲವು ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಕತೆಯನ್ನು ಓದಿ ಹೇಳಿದೆ. ರೈಲು ಬಂದಿತೆಂಬಲ್ಲಿಗೆ ಪುಸ್ತಕ ಮುಚ್ಚಿದರೆ ತರಗತಿಯಲ್ಲಿ ಗದ್ದಲವೇಳುತ್ತಿದ್ದಿತು. ದಾಸಿಗೆ ವಿಷವಿಕ್ಕಿದರು ಎಂದು ಒಬ್ಬ. ಕರೀಂ ಖಾನನೇ ಹಿಂದಿನ ಜನ್ಮದ ಕಾವಲುಗಾರ ಎಂದು ಇನ್ನೊಬ್ಬ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಆಕಿ ಹೆಸರೇನು?” ಎಂದು ಕೇಳಿದಳು. ನಾನು ತಡವರಿಸಿದೆ. ಕತೆಯಲ್ಲಿ ಅವಳಿಗೆ ಹೆಸರೇ ಇಲ್ಲ. ಅಷ್ಟು ಸಲ ಓದಿದ್ದರೂ ಅದನ್ನು ನಾನು ಗಮನಿಸಿರಲಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡು ಒಂದು ಸಂಜೆ ಮತ್ತೆ ರಂಗೀನ್ ಮಹಲಿಗೆ ಹೋದೆ. ಅದನ್ನು ಸಿಂಗರಿಸಿದ ದೊರೆಯ ಹೆಸರು ನಮಗೆ ಗೊತ್ತಿದೆ, ಆಳಿದ ವರ್ಷಗಳು ಗೊತ್ತಿವೆ. ಆ ಚಿಪ್ಪಿನ ಹೂಗಳ ನಡುವೆ ದಿನವೂ ದೀಪ ಹಚ್ಚಿದವಳು ಯಾರು? ಸಮುದ್ರದಾಚೆಯಿಂದ ಕೊಂಡು ತಂದ ಹೆಣ್ಣುಮಗಳು ಆ ಕಿಟಕಿಯಲ್ಲಿ ನಿಂತಿದ್ದರೆ ಅವಳ ತಾಯಿಯ ಊರು ಯಾವುದು? ಚರಿತ್ರೆಯ ಪುಸ್ತಕದಲ್ಲಿ ಆ ಹಾಳೆ ಹರಿದಿದೆ. ರವೀಂದ್ರರು ಮನಸ್ಸು ಮಾಡಿದ್ದರೆ ದಾಸಿಗೆ ಒಂದು ಹೆಸರಿಟ್ಟು, ಒಂದು ಕತೆ ಕಟ್ಟಿ, ಪಾರಾಗುವ ಉಪಾಯವನ್ನೂ ಹೇಳಿ ನಮ್ಮನ್ನು ಸುಖವಾಗಿ ಮಲಗಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಕಲ್ಲಿನ ಅಡಿಯಿಂದ ಅವಳ ಅಳುವನ್ನು ನಮಗೆ ಕೇಳಿಸಿದರು. ಉಳಿದದ್ದನ್ನು ಕೇಳುವಷ್ಟರಲ್ಲಿ ನಮ್ಮನ್ನು ರೈಲಿಗೆ ಹತ್ತಿಸಿದರು. ದೊಡ್ಡ ಕಾದಂಬರಿಯಾಗಿದ್ದರೆ ಓದುಗರು ಇಷ್ಟು ಸುಲಭವಾಗಿ ಬಿಡುತ್ತಿರಲಿಲ್ಲ. ಹತ್ತಿಪ್ಪತ್ತು ಪುಟಗಳ ಕತೆಗೆ ಮಾತ್ರ ಈ ಧೈರ್ಯ ಸಲ್ಲುತ್ತದೆ.

ಧಾರವಾಡದಲ್ಲಿ ಆ ಪುಟವನ್ನು ಓದಿದ ವಾರವೇ ಗೆಳೆಯನಿಗೆ ಒಂದು ಕಾರ್ಡು ಬರೆದಿದ್ದೆ. ನನಗೆ ತಿಳಿದಿದ್ದುದು ಅವನ ತಂದೆ ವರ್ಗವಾಗಿ ಹೋದ ಊರಿನ ಹಳೆಯ ವಿಳಾಸ. ಆ ವಿಳಾಸದಲ್ಲಿ ಅಂತಹವರಿಲ್ಲವೆಂಬ ಷರಾದೊಡನೆ ಕಾರ್ಡು ನನ್ನ ಬಳಿಗೇ ಹಿಂದಿರುಗಿತು. ಮತ್ತೆ ಎರಡು ಕಡೆ ವಿಚಾರಿಸಿದೆ, ತಿಳಿಯಲಿಲ್ಲ.

ಬೇಸಿಗೆಯ ರಜೆಯಲ್ಲಿ ಬೀದರಿಗೆ ಹೋದಾಗ ಹಳೆಯ ಶಾಲೆಗೆ ಹೋಗಿ ಗುರುಗಳನ್ನು ಕಂಡೆ. ನಿವೃತ್ತಿಗೆ ಒಂದೆರಡು ವರ್ಷ ಉಳಿದಿದ್ದವು. ಬೀಗದ ಕೈ ಇನ್ನೂ ಅವರ ಜೇಬಿನಲ್ಲಿಯೇ ಇದ್ದಿತು. ನಾನು ಕೇಳಿದ ಪುಸ್ತಕವನ್ನು ಕೆಳಗಿನ ಅಂತಸ್ತಿನಿಂದ ಹುಡುಕಿ ಕೊಟ್ಟರು. ನಾನು ಧಾರವಾಡದಲ್ಲಿ ಅದೇ ಅಳತೆಯ ಹಾಳೆಯಲ್ಲಿ, ಆದಷ್ಟು ಅಚ್ಚುಕಟ್ಟಾಗಿ, ಎರಡು ಮಗ್ಗುಲನ್ನೂ ಪ್ರತಿ ಮಾಡಿ ತಂದಿದ್ದೆ. ಒಂದು ಮಗ್ಗುಲಲ್ಲಿ ರೈಲು ಬಂದು ಹೋಗುತ್ತದೆ. ಹಿಂದಿನ ಮಗ್ಗುಲಲ್ಲಿ, ಅವನು ಹೇಳಿದ್ದ ಸ್ಥಳದಲ್ಲಿಯೇ, ಮುಂದಿನ ಕತೆಯ ಹೆಸರು. ಗುರುಗಳು ಅಂಟು ತರಿಸಿದರು. ನಾನು ಹಾಳೆಯನ್ನು ಅಂಚಿಗೆ ಹೊಂದಿಸಿ ಅಂಟಿಸುವುದನ್ನು ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದರು.

“ಇದನ್ನು ಆಗ ಯಾರು ಹರಿದಿದ್ದರೋ?” ಎಂದು ಕೇಳಿದರು.

“ಯಾರೆಂದು ತಿಳಿಯದು, ಗುರುಗಳೇ. ಅವನು ಹರಿದಿರಲಿಲ್ಲ” ಎಂದೆ.

ಯಾರು ಆ ಅವನು ಎಂದು ಅವರು ಕೇಳಲಿಲ್ಲ. ಅಂಟು ಒಣಗುವವರೆಗೆ ಪುಸ್ತಕವನ್ನು ತೆರೆದೇ ಇಡೋಣವೆಂದು ಹೇಳಿ, ಗಾಳಿಗೆ ಹಾಳೆ ಹಾರದಂತೆ ಅದರ ಮೇಲೆ ತಮ್ಮ ಬೀಗದ ಕೈಯನ್ನು ಇಟ್ಟರು.